ಅಲ್ಪಾವಧಿಯ ಗ್ರಹಣಕಾರಿ ಯಮಳ ನಕ್ಷತ್ರಗಳು: ಪತ್ತೆ ಮತ್ತು ಪಟ್ಟೀಕರಣದ ಇತಿಹಾಸ

ಪರಸ್ಪರ ಗುರುತ್ವಾಕರ್ಷಣೆಗೆ ಒಳಪಟ್ಟು ಸುತ್ತುವ ಎರಡು ನಕ್ಷತ್ರಗಳ ಜೋಡಿಗೆ ಯಮಳ ನಕ್ಷತ್ರವೆಂದು ಹೆಸರು. ಜೋಡಿಯ ಕಕ್ಷಾತಲವು ಭೂಮಿಯ ದೃಷ್ಟಿರೇಖೆಗೆ ನೇರವಾಗಿ ಬಂದಾಗ ಒಂದು ಮತ್ತೊಂದನ್ನು ಮರೆಮಾಡುತ್ತದೆ. ದೂರದರ್ಶಕದಲ್ಲಿ ಒಂದೇ ಬಿಂದುವಾಗಿ ಕಾಣುವ ಬೆಳಕು ನಿಯತಕಾಲಕ್ಕೆ ಕುಗ್ಗಿ ಮತ್ತೆ ಮೊದಲಿನಂತಾಗುತ್ತದೆ. ಇಂಥವು ಗ್ರಹಣಕಾರಿ ಯಮಳಗಳು. ಇವುಗಳಲ್ಲಿ ಕೆಲವೇ ಗಂಟೆಗಳಲ್ಲಿ ಒಂದು ಸುತ್ತು ಮುಗಿಸುವ ಅಲ್ಪಾವಧಿಯ ಜೋಡಿಗಳ ಅಧ್ಯಯನವು ಆರಂಭದಿಂದಲೂ ಪಟ್ಟಿಗಳನ್ನೇ ನೆಚ್ಚಿಕೊಂಡು ಬಂದಿದೆ. ಪಟ್ಟಿಯಲ್ಲಿ ನಮೂದಾದ ಅವಧಿ ನೇರವಾಗಿ ಅಳೆದು ಪಡೆದ ಸಂಖ್ಯೆಯಂತೆ ಕಂಡರೂ ಅದರ ಹಿಂದೆ ಒಬ್ಬ ವೀಕ್ಷಕನ ತೀರ್ಮಾನ ಅಡಗಿರುತ್ತದೆ. ಆ ತೀರ್ಮಾನಗಳು ಸರಿಯಾದಾಗ ಏನಾಯಿತು, ತಪ್ಪಿದಾಗ ಏನಾಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಈ ಚರಿತ್ರೆಯ ಮೊದಲ ಹೆಸರು ಜಾನ್ ಗುಡ್‌ರಿಕ್. ಕಿವುಡನಾಗಿದ್ದ ಈ ಯುವಕ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ 1782ರ ನವೆಂಬರಿನಿಂದ ಪಾರ್ಥ (ಪರ್ಸಿಯಸ್) ಪುಂಜದ ಆಲ್ಗಾಲ್ ನಕ್ಷತ್ರವನ್ನು ಬರಿಗಣ್ಣಿನಿಂದ ಗಮನಿಸಿದನು. ಅದರ ಕಾಂತಿ ಕುಗ್ಗುವುದು ಅದಕ್ಕೂ ಮೊದಲೇ ತಿಳಿದಿತ್ತು; ಕುಗ್ಗುವಿಕೆಗೆ ಲೆಕ್ಕವಿದೆ ಎಂದು ತೋರಿಸಿದ್ದು ಗುಡ್‌ರಿಕ್‌ನ ಸಾಧನೆ. ಇಂದಿನ ಅಳತೆಯಂತೆ ಆ ಅವಧಿ 2 ದಿನ 20 ಗಂಟೆ 49 ನಿಮಿಷ. ಕಪ್ಪು ಕಾಯವೊಂದು ಎದುರಿಗೆ ಹಾದುಹೋಗುತ್ತಿರಬಹುದು ಎಂಬ ವಿವರಣೆಯನ್ನೂ ಅವನು 1783ರಲ್ಲಿ ರಾಯಲ್ ಸೊಸೈಟಿಯ ಮುಂದಿಟ್ಟು, ಅದೇ ವರ್ಷ ಕಾಪ್ಲಿ ಪದಕ ಪಡೆದನು. 1786ರಲ್ಲಿ ತೀರಿಕೊಂಡಾಗ ಅವನಿಗೆ ಕೇವಲ 21 ವರ್ಷ. ಅವನ ಊಹೆಗೆ ಪುರಾವೆ ದೊರೆತದ್ದು ಒಂದು ಶತಮಾನದ ಅನಂತರ, 1889ರಲ್ಲಿ. ಜರ್ಮನಿಯ ಪಾಟ್ಸ್‌ಡಾಮ್ ವೀಕ್ಷಣಾಲಯದಲ್ಲಿ ಹರ್ಮನ್ ಫೋಗೆಲ್ ಆಲ್ಗಾಲ್‌ನ ರೋಹಿತರೇಖೆಗಳು ಹಿಂದಕ್ಕೂ ಮುಂದಕ್ಕೂ ಸರಿಯುವುದನ್ನು ಗುರುತಿಸಿದನು.

ಅಲ್ಪಾವಧಿಯ ಜೋಡಿಗಳ ಕಥೆ ಆರಂಭವಾಗುವುದೂ ಅದೇ ಪಾಟ್ಸ್‌ಡಾಮ್‌ನಲ್ಲಿ. ಗುಸ್ತಾವ್ ಮ್ಯುಲರ್ ಮತ್ತು ಪಾಲ್ ಕೆಂಪ್ಫ್ ಅವರು 1903ರಲ್ಲಿ ಸಪ್ತರ್ಷಿ ಮಂಡಲದ ಒಂದು ಮಂದ ನಕ್ಷತ್ರದ ಕಾಂತಿ ಸುಮಾರು 4 ಗಂಟೆಗೊಮ್ಮೆ ಏರಿಳಿಯುವುದನ್ನು ಪ್ರಕಟಿಸಿದರು. ಇಂದು ಇದನ್ನು ಡಬ್ಲ್ಯೂ ಅರ್ಸೆ ಮೆಜಾರಿಸ್ ಎಂದು ಕರೆಯುತ್ತಾರೆ. ಅದರ ನಿಜವಾದ ಕಕ್ಷಾವಧಿ 4 ಗಂಟೆಯಲ್ಲ, 8 ಗಂಟೆ. ಎರಡೂ ನಕ್ಷತ್ರಗಳ ಮೇಲ್ಮೈ ಉಷ್ಣತೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಮೊದಲನೆಯದು ಎರಡನೆಯದನ್ನು ಮರೆಮಾಡಿದಾಗಲೂ ಎರಡನೆಯದು ಮೊದಲನೆಯದನ್ನು ಮರೆಮಾಡಿದಾಗಲೂ ಕಾಂತಿ ಬಹುತೇಕ ಸಮನಾಗಿ ಇಳಿಯುತ್ತದೆ. ಒಂದು ಸುತ್ತಿಗೆ ಎರಡು ಗ್ರಹಣ. ಎರಡಕ್ಕೂ ಒಂದೇ ಮುಖ. ಈ ಅರ್ಧಾವಧಿಯ ತೊಡಕು ಮುಂದಿನ ಎಲ್ಲ ಪಟ್ಟಿಕಾರರನ್ನೂ ಕಾಡಿದೆ. ಇಂಥ ಜೋಡಿಗಳ ಸದಸ್ಯರು ಒಂದಕ್ಕೊಂದು ತಾಗಿಕೊಂಡೇ ಇರುತ್ತಾರೆ, ಎರಡಕ್ಕೂ ಒಂದೇ ಹೊದಿಕೆ ಇರುತ್ತದೆ ಎಂಬ ಭೌತಿಕ ಮಾದರಿಯನ್ನು ಲಿಯಾನ್ ಲೂಸಿ 1968ರಲ್ಲಿ ರೂಪಿಸಿದರು. ಸ್ಪರ್ಶಯಮಳ ಎಂಬ ಹೆಸರು ಇವಕ್ಕೆ ಒಪ್ಪುತ್ತದೆ.

ಇತ್ತ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಎಡ್ವರ್ಡ್ ಪಿಕರಿಂಗ್ ನೇತೃತ್ವದಲ್ಲಿ ಆಕಾಶವನ್ನು ಗಾಜಿನ ಫಲಕಗಳ ಮೇಲೆ ಮತ್ತೆ ಮತ್ತೆ ಚಿತ್ರಿಸುವ ಕಾರ್ಯ ನಡೆಯಿತು. ಅಲ್ಲಿ ಸಂಗ್ರಹವಾದ ಫಲಕಗಳು ಸುಮಾರು ಐದು ಲಕ್ಷ. ಅವನ್ನು ಒಂದೊಂದಾಗಿ ಹೋಲಿಸಿ ಕಾಂತಿ ಬದಲಾಯಿಸುವ ನಕ್ಷತ್ರಗಳನ್ನು ಹೆಕ್ಕಿದವರಲ್ಲಿ ಬಹುಪಾಲು ಮಹಿಳೆಯರು; ಹೆನ್ರಿಯೆಟ್ಟಾ ಲೆವಿಟ್ ಒಬ್ಬರೇ 2,400ಕ್ಕೂ ಹೆಚ್ಚು ಚರ ನಕ್ಷತ್ರಗಳನ್ನು ಪತ್ತೆಮಾಡಿದರು. 'ಗಣಕರು' ಎಂಬ ಹುದ್ದೆಯ ಹೆಸರಿನಡಿ ಇವರ ವಿವೇಚನೆ ಮರೆಯಾಗಿತ್ತೆಂಬುದನ್ನು ಚರಿತ್ರಕಾರರು ತಡವಾಗಿ ಗುರುತಿಸಿದ್ದಾರೆ. ಎರಡನೆಯ ಮಹಾಯುದ್ಧದ ಬಳಿಕ ಚರ ನಕ್ಷತ್ರಗಳ ಹೆಸರು ಮತ್ತು ವರ್ಗೀಕರಣದ ಹೊಣೆಯನ್ನು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಸೋವಿಯೆತ್ ಖಗೋಳಜ್ಞರಿಗೆ ವಹಿಸಿತು. ಕುಕಾರ್ಕಿನ್ ಮತ್ತು ಪರೆನಾಗೊ ಸಂಪಾದಿಸಿದ ಸಾಮಾನ್ಯ ಪಟ್ಟಿಯ ಮೊದಲ ಆವೃತ್ತಿ 1948ರಲ್ಲಿ ಹೊರಬಂದಾಗ ಅದರಲ್ಲಿ 10,820 ನಕ್ಷತ್ರಗಳಿದ್ದವು. ಆಲ್ಗಾಲ್ ಬಗೆ, ಬೀಟಾ ಲೈರೆ ಬಗೆ, ಡಬ್ಲ್ಯೂ ಅರ್ಸೆ ಮೆಜಾರಿಸ್ ಬಗೆ ಎಂಬ ಮೂರು ವಿಭಾಗಗಳು ಈ ಪಟ್ಟಿಯ ಬಲದಿಂದಲೇ ಸರ್ವಮಾನ್ಯವಾದುವು.

ಗಾಜಿನ ಫಲಕದ ಸ್ಥಾನದಲ್ಲಿ ಸಿಸಿಡಿ ಎಂಬ ವಿದ್ಯುನ್ಮಾನ ಗ್ರಾಹಕ ಬಂದಾಗ ಲೆಕ್ಕದ ಪ್ರಮಾಣವೇ ಬದಲಾಯಿತು. ಕುತೂಹಲದ ಸಂಗತಿಯೆಂದರೆ, ಈ ಕಾಲದ ದೊಡ್ಡ ಸಮೀಕ್ಷೆಗಳಲ್ಲಿ ಹೆಚ್ಚಿನವು ಯಮಳಗಳಿಗಾಗಿ ಹುಟ್ಟಿದವಲ್ಲ. ಪೋಲೆಂಡಿನ ವಾರ್ಸಾ ವಿಶ್ವವಿದ್ಯಾಲಯದ ಓಗ್ಲ್ ಯೋಜನೆ 1992ರಲ್ಲಿ ಚಿಲಿಯ ಲಾಸ್ ಕಂಪಾನಸ್‌ನಲ್ಲಿ ಆರಂಭವಾದದ್ದು ಗುರುತ್ವ ಮಸೂರದ ಘಟನೆಗಳನ್ನು ಹಿಡಿಯಲು. ಕ್ಯಾನರಿ ದ್ವೀಪ ಮತ್ತು ದಕ್ಷಿಣ ಆಫ್ರಿಕದಲ್ಲಿ ಕ್ಯಾಮೆರಾ ನೆಟ್ಟ ಸೂಪರ್‌ವಾಸ್ಪ್ ಯೋಜನೆಯೂ, ಕೆಪ್ಲರ್ ಮತ್ತು ಟೆಸ್ ಉಪಗ್ರಹಗಳೂ ಅನ್ಯಗ್ರಹಗಳನ್ನು ಹುಡುಕಲು ಹೊರಟವು. ಗ್ರಹ ಹುಡುಕುವವನಿಗೆ ಗ್ರಹಣಕಾರಿ ಯಮಳ ಮೋಸಗೊಳಿಸುವ ವೇಷಧಾರಿ. ಅವನು ಬದಿಗಿಟ್ಟದ್ದೇ ಪಟ್ಟಿಕಾರನ ಸಂಪತ್ತು. ಗ್ರೆಗೋರ್ಜ್ ಪೊಯ್ಮಾನ್ಸ್ಕಿ ಅವರ ಅಸಾಸ್ ಸಮೀಕ್ಷೆ ಟೆಲಿಫೋಟೋ ಮಸೂರಗಳಂಥ ಸಣ್ಣ ಉಪಕರಣಗಳಿಂದಲೇ ಕಲೆಹಾಕಿದ ದತ್ತಾಂಶದಲ್ಲಿ 11,076 ಗ್ರಹಣಕಾರಿ ಯಮಳಗಳು 2006ರ ವೇಳೆಗೆ ಗುರುತಿಸಲ್ಪಟ್ಟವು. ಅವುಗಳಲ್ಲಿ 5,384 ಸ್ಪರ್ಶಯಮಳಗಳು. ಕೆಪ್ಲರ್ ಪಟ್ಟಿ 2016ರಲ್ಲಿ 2,878 ಜೋಡಿಗಳನ್ನು ಮುಟ್ಟಿತು. ಅದೇ ವರ್ಷ ಓಗ್ಲ್ ತಂಡ ಆಕಾಶಗಂಗೆಯ ನಡುವಣ ಉಬ್ಬಿನ ದಿಕ್ಕಿನಲ್ಲಿ ನಾಲ್ಕೂವರೆ ಲಕ್ಷ ಯಮಳಗಳ ಪಟ್ಟಿಯನ್ನು ಪ್ರಕಟಿಸಿತು.

ಇಷ್ಟು ದೊಡ್ಡ ರಾಶಿಯಿಂದ ಯಮಳವನ್ನು ಬೇರ್ಪಡಿಸುವ ಕ್ರಮ ತತ್ತ್ವತಃ ಸರಳ. ನಕ್ಷತ್ರವೊಂದರ ಚದುರಿದ ಅಳತೆಗಳನ್ನು ಊಹಿಸಿದ ಒಂದು ಅವಧಿಗೆ ಮಡಿಸಿ ಒಂದರ ಮೇಲೊಂದು ಇಟ್ಟಾಗ, ಊಹೆ ತಪ್ಪಿದ್ದರೆ ಬಿಂದುಗಳು ಚೆಲ್ಲಾಪಿಲ್ಲಿಯಾಗುತ್ತವೆ. ಸರಿಯಿದ್ದರೆ ಒಂದೇ ರೇಖೆಗೆ ಕೂಡುತ್ತವೆ. ಸಾವಿರಾರು ಊಹೆಗಳನ್ನು ಗಣಕಯಂತ್ರ ಕ್ಷಣಗಳಲ್ಲಿ ಪರೀಕ್ಷಿಸುತ್ತದೆ. ತೊಡಕಿರುವುದು ಅನಂತರದ ಹಂತದಲ್ಲಿ. ಒಂದೇ ಊರಿನ ದೂರದರ್ಶಕ ರಾತ್ರಿ ಮಾತ್ರ ನೋಡಬಲ್ಲುದು. ಆದುದರಿಂದ ದಿನಕ್ಕೆ ನಾಲ್ಕು ಬಾರಿ ಸುತ್ತುವ ಜೋಡಿ ಮೂರು ಅಥವಾ ಐದು ಬಾರಿ ಸುತ್ತುವಂತೆಯೂ ತೋರಬಹುದು. ಉಬ್ಬಿ ಕುಗ್ಗುವ ಸ್ಪಂದನ ನಕ್ಷತ್ರ ಮತ್ತು ಅರ್ಧಾವಧಿಗೆ ಮಡಿಸಿದ ಸ್ಪರ್ಶಯಮಳ ರೇಖಾರೂಪದಲ್ಲಿ ಒಂದನ್ನೊಂದು ಹೋಲುತ್ತವೆ. ಅವುಗಳನ್ನು ಬೇರ್ಪಡಿಸಲು ಬಣ್ಣ ನೆರವಾಗುತ್ತದೆ: ಸ್ಪಂದನ ನಕ್ಷತ್ರ ಬೆಳಗುವಾಗ ನೀಲಿಯತ್ತ ವಾಲುತ್ತದೆ, ಸ್ಪರ್ಶಯಮಳದ ಬಣ್ಣ ಹೆಚ್ಚೇನೂ ಬದಲಾಗುವುದಿಲ್ಲ. ಸೂಪರ್‌ವಾಸ್ಪ್‌ನಂಥ ವಿಶಾಲ ನೋಟದ ಕ್ಯಾಮೆರಾಗಳಲ್ಲಿ ಇನ್ನೊಂದು ಸಮಸ್ಯೆಯುಂಟು. ಒಂದೇ ಚಿತ್ರಬಿಂದುವಿನಲ್ಲಿ ಹಲವು ನಕ್ಷತ್ರಗಳು ಬೆರೆತು, ಮಿನುಗಿದ್ದು ಯಾವುದೆಂದೇ ತಿಳಿಯದೆ ಹೋಗಬಹುದು. ಕೊನೆಯ ತೀರ್ಪಿಗೆ ಮನುಷ್ಯನ ಕಣ್ಣೇ ಬೇಕಾಗುತ್ತದೆ.

ಈ ಎಚ್ಚರಿಕೆ ಏಕೆ ಬೇಕೆಂಬುದು 0.22 ದಿನದ ಗಡಿಯ ಚರ್ಚೆಯಿಂದ ಸ್ಪಷ್ಟವಾಗುತ್ತದೆ. ಸ್ಪರ್ಶಯಮಳಗಳ ಅವಧಿ ಸುಮಾರು 0.22 ದಿನಕ್ಕಿಂತ, ಅಂದರೆ 5 ಗಂಟೆ 17 ನಿಮಿಷಕ್ಕಿಂತ, ಕೆಳಗಿಳಿಯುವುದಿಲ್ಲವೆಂದು ಸ್ಲಾವೆಕ್ ರುಚಿನ್ಸ್ಕಿ 1992ರಲ್ಲಿ ಗಮನಸೆಳೆದರು. ಈ ಗಡಿ ಪ್ರಕೃತಿಯದೋ ಪಟ್ಟಿಯದೋ? ಅಲ್ಪಾವಧಿಯ ಜೋಡಿಗಳು ಸಣ್ಣ ಮತ್ತು ಮಂದ ನಕ್ಷತ್ರಗಳಾದುದರಿಂದ ಸಮೀಕ್ಷೆಗೆ ಸಿಗದೆ ಉಳಿದಿರಲೂ ಸಾಧ್ಯ. ರುಚಿನ್ಸ್ಕಿ ಅವರೇ ಅಸಾಸ್ ದತ್ತಾಂಶದ ಆಧಾರದಲ್ಲಿ 2007ರಲ್ಲಿ ಪ್ರಶ್ನೆಯನ್ನು ಮತ್ತೆ ಪರಿಶೀಲಿಸಿದರು. ಪೋಲೆಂಡಿನ ಕಾಜಿಮಿಯೆಜ್ ಸ್ಟೆಂಪಿಯೆನ್ 2006ರಲ್ಲಿ ಕೊಟ್ಟ ವಿವರಣೆ ಗಮನಾರ್ಹ: ಕಾಂತಕ್ಷೇತ್ರವುಳ್ಳ ನಕ್ಷತ್ರಮಾರುತ ಜೋಡಿಯ ಕೋನೀಯ ಸಂವೇಗವನ್ನು ಕ್ರಮೇಣ ಹೊತ್ತೊಯ್ಯುವುದರಿಂದ ಅವು ಹತ್ತಿರವಾಗುತ್ತವೆ, ಕಡಿಮೆ ದ್ರವ್ಯರಾಶಿಯ ಜೋಡಿಗಳಲ್ಲಿ ಈ ಕ್ರಿಯೆ ಎಷ್ಟು ನಿಧಾನವೆಂದರೆ, ವಿಶ್ವದ ವಯಸ್ಸು ಅವು ತಾಗಿಕೊಳ್ಳಲು ಸಾಲದು. 2011ರಲ್ಲಿ ಸೂಪರ್‌ವಾಸ್ಪ್ ದತ್ತಾಂಶದಿಂದ ಗಡಿಯ ಆಸುಪಾಸಿನ 53 ಅಭ್ಯರ್ಥಿಗಳು ದೊರೆತವು. ಅವುಗಳಲ್ಲಿ 48 ಹೊಸವು. ಮರುವರ್ಷ ಹವಾಯಿಯ ದೂರದರ್ಶಕದ ಅವಗೆಂಪು ಸಮೀಕ್ಷೆಯೊಂದು ಗಡಿಗಿಂತ ಸಾಕಷ್ಟು ಕೆಳಗಿರುವ ನಾಲ್ಕು ಕೆಂಪುಕುಬ್ಜ ಜೋಡಿಗಳನ್ನು ತೋರಿಸಿತು. ಗಡಿ ಅಭೇದ್ಯವಲ್ಲವೆಂಬುದು ಇದರಿಂದ ಖಚಿತವಾದರೂ ಅದರಾಚೆಗಿನ ಜೋಡಿಗಳು ಅಪರೂಪ ಎಂಬ ಮಾತು ಉಳಿದಿದೆ.

ಹತ್ತಿರವಾಗುತ್ತ ಹೋದ ಜೋಡಿ ಕೊನೆಗೆ ಒಂದಾಗಬೇಕು. ಅದನ್ನು ಕಂಡದ್ದೂ ಒಂದು ಹಳೆಯ ದಾಖಲೆಯ ಕೃಪೆಯಿಂದ. 2008ರ ಸೆಪ್ಟೆಂಬರಿನಲ್ಲಿ ವೃಶ್ಚಿಕ ರಾಶಿಯಲ್ಲಿ ನಕ್ಷತ್ರವೊಂದು ಏಕಾಏಕಿ ಉಜ್ಜ್ವಲವಾಯಿತು. ಅದಕ್ಕೆ ವಿ 1309 ಸ್ಕಾರ್ಪೈ ಎಂದು ಹೆಸರಾಯಿತು. ಓಗ್ಲ್ ಅದೇ ಜಾಗವನ್ನು ವರ್ಷಗಳಿಂದ ಚಿತ್ರಿಸುತ್ತಿತ್ತು. ರೊಮುಆಲ್ಡ್ ಟಿಲೆಂಡಾ ಮತ್ತು ಸಹೋದ್ಯೋಗಿಗಳು ಆ ಅಳತೆಗಳನ್ನು ತೆಗೆದು ನೋಡಿದಾಗ ಅಲ್ಲಿ ಸುಮಾರು 1.4 ದಿನ ಅವಧಿಯ ಸ್ಪರ್ಶಯಮಳವಿತ್ತೆಂದೂ ಅದರ ಅವಧಿ ದಿನೇ ದಿನೇ ವೇಗವಾಗಿ ಕುಗ್ಗುತ್ತಿತ್ತೆಂದೂ 2011ರಲ್ಲಿ ತಿಳಿಯಿತು. ಎರಡು ನಕ್ಷತ್ರಗಳು ವಿಲೀನಗೊಂಡುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಅಲ್ಲಿಯವರೆಗೆ ಇರಲಿಲ್ಲ.

ಮುಂದಿನ ವಿಲೀನವನ್ನು ಮೊದಲೇ ಹೇಳುವ ಆಸೆ ಸಹಜವಾಗಿಯೇ ಮೂಡಿತು. ರಾಜಹಂಸ ಪುಂಜದ ಕೆಐಸಿ 9832227 ಎಂಬ ಸ್ಪರ್ಶಯಮಳದ ಅವಧಿ ಸುಮಾರು 11 ಗಂಟೆ. ಅದು ಕುಗ್ಗುತ್ತಿದೆಯೆಂದೂ 2022ರ ಸುಮಾರಿಗೆ ಜೋಡಿ ಸ್ಫೋಟಿಸಿ ಒಂದಾಗುವುದೆಂದೂ ಅಮೆರಿಕದ ಲಾರೆನ್ಸ್ ಮೋಲ್ನರ್ ತಂಡ 2017ರಲ್ಲಿ ಘೋಷಿಸಿತು. ಈ ಲೆಕ್ಕದ ಒಂದು ಕೊನೆಯಲ್ಲಿ ಇದ್ದುದು 1999ರ ಸಮೀಕ್ಷೆಯ ಗ್ರಹಣಕಾಲ. ಕ್ವೆಂಟಿನ್ ಸೋಷಿಯಾ ಮತ್ತು ಸಹೋದ್ಯೋಗಿಗಳು 2003ರ ವಲ್ಕನ್ ಸಮೀಕ್ಷೆಯ ಅಪ್ರಕಟಿತ ಅಳತೆಗಳನ್ನು ಹೊರತೆಗೆದು ಹೋಲಿಸಿದಾಗ ಗ್ರಹಣ ಊಹೆಗಿಂತ ಸುಮಾರು ಒಂದು ಗಂಟೆಯಷ್ಟು ಆಚೀಚೆಯಾಗಿತ್ತು. ಮೂಲವನ್ನು ಹುಡುಕಿದಾಗ, 1999ರ ಅಳತೆಗಳನ್ನು ವಿವರಿಸಿದ 2004ರ ಪ್ರಕಟಣೆಯಲ್ಲಿ ಗ್ರಹಣಕಾಲ ಸರಿಯಾಗಿ 12 ಗಂಟೆ ತಪ್ಪಾಗಿ ಅಚ್ಚಾಗಿರುವುದು ಬೆಳಕಿಗೆ ಬಂತು. ಅವಧಿ 11 ಗಂಟೆಯಾದುದರಿಂದ 12 ಗಂಟೆಯ ದೋಷ ಒಂದು ಪೂರ್ಣ ಸುತ್ತನ್ನು ನುಂಗಿಕೊಂಡು ಕೇವಲ ಒಂದು ಗಂಟೆಯ ವ್ಯತ್ಯಾಸವಾಗಿ ಉಳಿಯಿತು. ಆ ಒಂದು ಗಂಟೆಯೇ ಅವಧಿ ಕುಗ್ಗುತ್ತಿರುವಂತೆ ತೋರಿಸಿತು. ತಿದ್ದುಪಡಿ 2018ರಲ್ಲಿ ಪ್ರಕಟವಾಯಿತು, ಮೋಲ್ನರ್ ಅದನ್ನು ಒಪ್ಪಿಕೊಂಡರು. 2022 ಯಾವ ಸ್ಫೋಟವೂ ಇಲ್ಲದೆ ಕಳೆಯಿತು. ರಾಜಹಂಸದ ಆ ಜೋಡಿ ಈಗಲೂ ಹನ್ನೊಂದು ಗಂಟೆಗೊಮ್ಮೆ ಸುತ್ತುತ್ತಿದೆ.