ಗೋಪುರದ ಪಾರಿವಾಳ, ಕಣದ ಗಾಳಿ

ಗಾಳಿ ಬೀಸಿ ಬರುವ ದಿಕ್ಕನ್ನು ತೋರಿಸಲು ಕಟ್ಟಡದ ನೆತ್ತಿಯಲ್ಲಿ ನಿಲ್ಲಿಸುವ ಲೋಹದ ಸಾಧನವನ್ನು ಪವನಸೂಚಿ ಎನ್ನುತ್ತಾರೆ. ಅದರ ಬಾಲ ಮುಖಕ್ಕಿಂತ ಅಗಲವಾಗಿರುವುದರಿಂದ ಗಾಳಿ ಬಾಲವನ್ನು ಹಿಂದಕ್ಕೆ ತಳ್ಳುತ್ತದೆ, ಮುಖ ಗಾಳಿಗೆ ಎದುರಾಗಿ ನಿಲ್ಲುತ್ತದೆ. ಹಿರೇಬೆಂಡಿಗೇರಿ, ಶಿಗ್ಗಾಂವಿ, ಸವಣೂರು ಸೀಮೆಯ ಒಕ್ಕಲು ಮಕ್ಕಳಿಗೆ ಈ ಅರಿವು ಕಣದಲ್ಲೇ ಒದಗುತ್ತಿತ್ತು: ಮೇಟಿಯ ಸುತ್ತ ಎತ್ತುಗಳನ್ನು ಹೂಡಿ ತೆನೆ ತುಳಿಸುವ ಹಂತಿ ಮುಗಿದ ಮೇಲೆ, ತೂರುವಾಗ ಹಾರಿಹೋಗುವ ಹೊಟ್ಟೇ ಗಾಳಿಯ ದಿಕ್ಕನ್ನು ಹೇಳುತ್ತಿತ್ತು.

ಪವನಸೂಚಿಯಿಂದಲೂ ಹೆಸರಾದ ಮನೆಗಳಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ, ಪೊಟೊಮ್ಯಾಕ್ ನದಿಯ ದಡದಲ್ಲಿರುವ ಮೌಂಟ್ ವರ್ನನ್ ಒಂದು. 1734ರಲ್ಲಿ ಆಗಸ್ಟೀನ್ ವಾಷಿಂಗ್ಟನ್ ಕಟ್ಟಿಸಿದ ಸಣ್ಣ ಮನೆಗೆ ಹಿರಿಯ ಮಗ ಲಾರೆನ್ಸ್ ತನ್ನ ನೌಕಾಪತಿ ವರ್ನನ್‌ನ ಹೆಸರಿಟ್ಟನು. 1754ರಲ್ಲಿ ಅದನ್ನು ಗೇಣಿಗೆ ಪಡೆದು 1761ರಲ್ಲಿ ಒಡೆಯನಾದ ತಮ್ಮ ಜಾರ್ಜ್ ವಾಷಿಂಗ್ಟನ್ ಅದನ್ನು ದೊಡ್ಡ ಸೌಧವಾಗಿ ಬೆಳೆಸಿ, ಮಾಡಿನ ನಡುವೆ ಪುಟ್ಟ ಗೋಪುರವನ್ನೂ ಏರಿಸಿದನು. 1787ರ ಜುಲೈ 20ರಂದು, ಹೊಸ ದೇಶದ ಸಂವಿಧಾನ ರಚಿಸುತ್ತಿದ್ದ ಫಿಲಡೆಲ್ಫಿಯಾ ಸಭೆಗೆ ಅಧ್ಯಕ್ಷನಾಗಿದ್ದಾಗಲೇ, ಅವನು ಜೋಸೆಫ್ ರೇಕ್‌ಸ್ಟ್ರಾ ಎಂಬ ಕುಶಲಕರ್ಮಿಗೆ ಪತ್ರ ಬರೆದು, ಗೋಪುರದ ತುದಿಗೆ ಆಲಿವ್ ಟೊಂಗೆ ಕಚ್ಚಿದ ಹಕ್ಕಿಯೊಂದು ಬೇಕೆಂದು ಕೇಳಿದನು. ಜಲಪ್ರಳಯ ಇಳಿದ ಸುದ್ದಿಯನ್ನು ನೋಹನ ನಾವೆಗೆ ತಂದ ಬೈಬಲಿನ ಪಾರಿವಾಳ ಅದು. 1783ರಲ್ಲಿ ಮುಗಿದ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಸೇನಾಪತಿಗೆ ಶಾಂತಿಯ ಗುರುತು. ಹಕ್ಕಿ ಗಾಳಿಯೊಂದಿಗೆ ತಿರುಗೀತೆಂಬ ನಿರೀಕ್ಷೆ ತನಗಿಲ್ಲವಾದ್ದರಿಂದ ಅದಕ್ಕೆ ರೆಕ್ಕೆ ಚಾಚಿದ ನಿಜರೂಪವನ್ನೇ ಕೊಡಬಹುದೆಂದು ಅವನು ಬರೆದದ್ದು ಗಮನಾರ್ಹ, ಏಕೆಂದರೆ ದಿಕ್ಕಿಗಿಂತ ಮನೆಯ ಮನಸ್ಸನ್ನು ಹೇಳುವುದೇ ಅದರ ಮೊದಲ ಕೆಲಸವಾಗಿತ್ತು. ಕೊಕ್ಕಿಗೆ ಕಪ್ಪು, ಟೊಂಗೆಗೆ ಹಸಿರು ಬಣ್ಣ ಬಳಿಸಬೇಕೆಂದು ಜಮೀನು ನೋಡಿಕೊಳ್ಳುತ್ತಿದ್ದ ಸೋದರನ ಮಗನಿಗೂ ಅವನು ಬರೆದನು.

ಗಾಳಿಯ ಲೆಕ್ಕವನ್ನು ವಾಷಿಂಗ್ಟನ್ ಇಟ್ಟದ್ದು ದಿನಚರಿಯಲ್ಲಿ. ತಂಬಾಕು ಬಿಟ್ಟು ಗೋಧಿಗೆ ತಿರುಗಿದ್ದ ಅವನು 1790ರ ದಶಕದಲ್ಲಿ ಹದಿನಾರು ಮೂಲೆಯ ಕಣದಮನೆಯೊಂದನ್ನು ಕಟ್ಟಿಸಿದನು. ಅದರ ಅಟ್ಟದ ಮೇಲೆ ಕುದುರೆಗಳನ್ನು ಸುತ್ತು ಹೊಡೆಸಿ ತೆನೆ ತುಳಿಸಿದರೆ, ಹಲಗೆಗಳ ಸಂದಿನಿಂದ ಕಾಳು ಕೆಳಗಿನ ಅಂತಸ್ತಿಗೆ ಉದುರುತ್ತಿತ್ತು. ನಮ್ಮ ಹಂತಿಯನ್ನು ಬಲ್ಲವರಿಗೆ ಇದರ ಬಗೆ ಕೂಡಲೇ ತಿಳಿಯುತ್ತದೆ. ಆದರೆ ಅಲ್ಲಿ ದುಡಿದವರು ಗುಲಾಮರು, ಮತ್ತು 1799ರಲ್ಲಿ ಮೌಂಟ್ ವರ್ನನ್‌ನಲ್ಲಿ ಅಂತಹವರು 317 ಮಂದಿ ಇದ್ದರೆಂಬುದನ್ನು ಬಿಟ್ಟು ಆ ಶಾಂತಿಯ ಹಕ್ಕಿಯನ್ನು ಕುರಿತು ಬರೆಯುವುದು ನ್ಯಾಯವಲ್ಲ. ಆ ವರ್ಷದ ಡಿಸೆಂಬರ್ 13ರಂದು, ಸಾಯುವ ಹಿಂದಿನ ದಿನ, ವಾಷಿಂಗ್ಟನ್ ಮೂರು ಅಂಗುಲ ಹಿಮವನ್ನೂ ಈಶಾನ್ಯದ ಗಾಳಿಯನ್ನೂ ದಿನಚರಿಯಲ್ಲಿ ಗುರುತಿಸಿದನು.

ಮನೆತನದ ಕೈಯಲ್ಲಿ ಸೌಧ ಶಿಥಿಲವಾಗುತ್ತ ಬಂದು, 1858ರಲ್ಲಿ ಜಾನ್ ಆಗಸ್ಟೀನ್ ವಾಷಿಂಗ್ಟನ್ ಅದನ್ನು ಎರಡು ಲಕ್ಷ ಡಾಲರಿಗೆ ಮಹಿಳೆಯರ ಸಂಘವೊಂದಕ್ಕೆ ಮಾರಲು ಒಪ್ಪಿದನು. ಆ ಸಂಘವೇ ಇಂದಿಗೂ ಮನೆಯನ್ನು ಕಾಯುತ್ತಿದೆ. ಗೋಪುರದ ಮೇಲಿರುವುದು ಪ್ರತಿಕೃತಿ, ಮೂಲ ಪಾರಿವಾಳವನ್ನು ಕೆಳಗಿಳಿಸಿ ಜೋಪಾನವಾಗಿ ಇಡಲಾಗಿದೆ.