ಜಾವಳಿಯ ಮಳೆ, ಮೂರು ಗಡಿಯಾರ: ವರ್ಚುವಲ್ ಮಷಿನ್‌ಗಳ ಕಾಲ ಹೊಂದಾಣಿಕೆಯಲ್ಲಿ ಕೇಂದ್ರ ಶೆಡ್ಯೂಲರ್‌ನ ಹೊಣೆ

ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ, ಬಲ್ಲಾಳರಾಯನ ದುರ್ಗದ ಸೀಮೆಯಲ್ಲಿ. ಅಲ್ಲಿ ಸುರಿದ ಮಳೆ ಸಕಲೇಶಪುರ ಹಾದು ಗೊರೂರಿನ ಜಲಾಶಯ ಸೇರುತ್ತದೆ. 2019ರ ಆಗಸ್ಟ್‌ನ ಆಶ್ಲೇಷ ಮಳೆಗೆ ಈ ತಾಲ್ಲೂಕಿನ ಗುಡ್ಡಗಳು ಜರಿದು, ಮಲೆಮನೆ, ಮಧುಗುಂಡಿಯಂಥ ಊರುಗಳಲ್ಲಿ ಮನೆ, ಗದ್ದೆ, ಕಾಫಿ ತೋಟ ಮಣ್ಣಿನಡಿ ಸೇರಿದವು. ಇಂಥ ಜಾಗದಲ್ಲಿ ಮಳೆಯ ಲೆಕ್ಕ ತಪ್ಪದೆ, ತಡವಾಗದೆ ತಲುಪುವುದು ಜೀವದ ಪ್ರಶ್ನೆ. 1988ರಲ್ಲಿ ಬರದ ನಿಗಾ ಘಟಕವಾಗಿ ಆರಂಭವಾದ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೂ ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ಇರಿಸಿದೆ. ಅವು 15 ನಿಮಿಷಕ್ಕೊಮ್ಮೆ ಮಾಹಿತಿ ಕಳಿಸುತ್ತವೆ.

ಇಂಥ ಜಾಲದ ತಂತ್ರಾಂಶವನ್ನು ಪರೀಕ್ಷಿಸಲು ಇನ್ನೊಂದು ಆಶ್ಲೇಷ ಮಳೆಗೆ ಕಾಯಲಾಗದು. ಆದ್ದರಿಂದ ಸಿಮ್ಯುಲೇಷನ್ ಬೇಕು. ಮಾಪಕದ ತಂತ್ರಾಂಶ ಒಂದು ವರ್ಚುವಲ್ ಮಷಿನ್‌ನಲ್ಲಿ, ಮಾಹಿತಿ ಸ್ವೀಕರಿಸುವ ಸರ್ವರ್ ಇನ್ನೊಂದರಲ್ಲಿ, ಎಚ್ಚರಿಕೆ ಹೊರಡಿಸುವ ಭಾಗ ಮತ್ತೊಂದರಲ್ಲಿ ಓಡುತ್ತವೆ. ಮಳೆ, ಹೊಳೆ, ಮೊಬೈಲ್ ಜಾಲಗಳನ್ನು ಗಣಿತದ ಮಾದರಿಗಳು ಅಭಿನಯಿಸುತ್ತವೆ. ಇವೆಲ್ಲವನ್ನೂ ಒಂದೇ ಕಾಲಕ್ಕೆ ಕಟ್ಟುವುದು ಕೇಂದ್ರ ಶೆಡ್ಯೂಲರ್‌ನ ಕೆಲಸ. ಯಂತ್ರ ತಡಮಾಡಿದ್ದನ್ನು ಬೆಟ್ಟ ತಡಮಾಡಿತೆಂದು ತೋರಿಸುವ ಸಿಮ್ಯುಲೇಷನ್‌ನಿಂದ ಪರೀಕ್ಷೆಗೆ ಒಳಗಾಗುವುದು ಎಚ್ಚರಿಕೆಯ ವ್ಯವಸ್ಥೆಯಲ್ಲ, ಸಿಮ್ಯುಲೇಟರೇ ಎಂಬುದು ಈ ಲೇಖನದ ವಾದ.

ಇಲ್ಲಿ ಮೂರು ಗಡಿಯಾರಗಳಿವೆ. ಒಂದು, ಪ್ರಯೋಗಾಲಯದ ಗೋಡೆಯ ಮೇಲಿನದು. ಎರಡನೆಯದು, ಮಾದರಿಯೊಳಗೆ ಮಳೆ ಬೀಳುತ್ತಿರುವ ಸಿಮ್ಯುಲೇಷನ್ ಕಾಲ. ಮೂರನೆಯದು, ವರ್ಚುವಲ್ ಮಷಿನ್‌ನ ಒಳಗಿರುವ ಆಪರೇಟಿಂಗ್ ಸಿಸ್ಟಂ ತನ್ನದೆಂದು ನಂಬಿರುವ ಕಾಲ. ಸಾಮಾನ್ಯವಾಗಿ ಮೂರನೆಯದು ಮೊದಲನೆಯದನ್ನೇ ಹಿಂಬಾಲಿಸುತ್ತದೆ. ಒಂದೇ ಕಂಪ್ಯೂಟರನ್ನು ಹಲವು ವರ್ಚುವಲ್ ಮಷಿನ್‌ಗಳಿಗೆ ಹಂಚುವ ಹೈಪರ್‌ವೈಸರ್ ಒಂದು ಮಷಿನ್‌ನಿಂದ ಪ್ರೊಸೆಸರನ್ನು ಕಿತ್ತುಕೊಂಡು ಇನ್ನೊಂದಕ್ಕೆ ಕೊಟ್ಟಾಗ ಮೊದಲ ಮಷಿನ್‌ನ ಕೆಲಸ ನಿಲ್ಲುತ್ತದೆ, ಗಡಿಯಾರ ನಿಲ್ಲುವುದಿಲ್ಲ. ಮರಳಿ ಎಚ್ಚೆತ್ತ ಮಷಿನ್‌ಗೆ ನಡುವಿನ ಹೊತ್ತು ಸುಮ್ಮನೆ ಕಳೆದುಹೋದಂತೆ ಕಾಣುತ್ತದೆ. ದಿನಬಳಕೆಯ ಸರ್ವರ್‌ಗೆ ಇದು ಸಣ್ಣ ತೊಡಕು. ಸಿಮ್ಯುಲೇಷನ್‌ಗೆ ಸುಳ್ಳು ಸಾಕ್ಷ್ಯ.

ಆ ಸುಳ್ಳು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಬೆಳಗಿನ ಎಂಟೂವರೆಯ ಗಡಿ ಸಾಕು. ಭಾರತೀಯ ಹವಾಮಾನ ಇಲಾಖೆಯ ಪ್ರಕಾರ ಮಳೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಮಾಪಕದೊಳಗಿನ ಪುಟ್ಟ ಬಟ್ಟಲು 0.5 ಮಿ.ಮೀ. ಮಳೆಗೊಮ್ಮೆ ಮಗುಚುತ್ತದೆ ಎಂದಿಟ್ಟುಕೊಳ್ಳೋಣ. ಗಂಟೆಗೆ 100 ಮಿ.ಮೀ. ಸುರಿದರೆ 18 ಸೆಕೆಂಡಿಗೊಮ್ಮೆ ಬಟ್ಟಲು ಮಗುಚುತ್ತದೆ. ವರ್ಚುವಲ್ ಮಷಿನ್‌ನ ಗಡಿಯಾರ 40 ಸೆಕೆಂಡು ಮುಂದೆ ಜಿಗಿದರೆ ಈ ದಿನಕ್ಕೆ ಸೇರಬೇಕಿದ್ದ ಎರಡು ಮಗುಚು ನಾಳಿನ ಲೆಕ್ಕಕ್ಕೆ ಹೋಗುತ್ತವೆ. ಮೊತ್ತ ಸಣ್ಣದಿರಬಹುದು. ಆದರೆ ಎಚ್ಚರಿಕೆ ಒಂದು ಮಿತಿಯನ್ನು ದಾಟಿದಾಗ ಮಾತ್ರ ಹೊರಡುವಂಥದಾದರೆ, ಮಿತಿಯ ಅಂಚಿನಲ್ಲಿ ಸಣ್ಣದು ಎಂಬುದಿಲ್ಲ.

ಬೇರೆ ಬೇರೆ ಕಡೆ ನಡೆಯುವ ಘಟನೆಗಳಿಗೆ ಒಂದು ಕ್ರಮ ಕೊಡುವ ಬಗೆಯನ್ನು ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲಿ ನಿರೂಪಿಸಿದರು. ಸಿಮ್ಯುಲೇಷನ್‌ನಲ್ಲಿ ಅದರ ಸಮೀಪದ ಪ್ರಶ್ನೆಗೆ ಎರಡು ದಾರಿಗಳು ತೆರೆದವು. ಮೊದಲನೆಯದು, 1970ರ ದಶಕದ ಕೊನೆಯಲ್ಲಿ ರ‍್ಯಾಂಡಲ್ ಬ್ರಯಂಟ್ ಹಾಗೂ ಅವರಿಂದ ಬೇರೆಯಾಗಿ ಮಣಿ ಚಾಂಡಿ ಮತ್ತು ಜಯದೇವ ಮಿಶ್ರ ರೂಪಿಸಿದ ಎಚ್ಚರಿಕೆಯ ದಾರಿ: ತನಗಿಂತ ಹಿಂದಿನ ಕಾಲದ ಸಂದೇಶ ಇನ್ನು ಬಾರದೆಂದು ಖಾತ್ರಿಯಾಗುವವರೆಗೆ ಯಾವ ಘಟಕವೂ ಮುಂದೆ ಹೆಜ್ಜೆಯಿಡಬಾರದು. 1985ರಲ್ಲಿ ಡೇವಿಡ್ ಜೆಫರ್‌ಸನ್ ಮಂಡಿಸಿದ ಟೈಮ್ ವಾರ್ಪ್ ಎರಡನೆಯದು: ಧೈರ್ಯವಾಗಿ ಮುಂದೆ ಹೋಗು, ಹಳೆಯ ಸಂದೇಶ ಬಂದರೆ ಹಿಂದಿನ ಸ್ಥಿತಿಗೆ ಮರಳು. ವರ್ಚುವಲ್ ಮಷಿನ್‌ಗೆ ಎರಡನೆಯದು ದುಬಾರಿ. ಹಿಂದಕ್ಕೆ ಮರಳಬೇಕಾದರೆ ಗಿಗಾಬೈಟ್‌ಗಟ್ಟಲೆ ಮೆಮೊರಿ, ಡಿಸ್ಕ್, ತೆರೆದಿರುವ ಸಂಪರ್ಕಗಳು ಎಲ್ಲದರ ಪ್ರತಿಯನ್ನು ಪದೇ ಪದೇ ತೆಗೆದಿಡಬೇಕು. ಹಾಗಾಗಿ ಇಲ್ಲಿ ಎಚ್ಚರಿಕೆಯ ದಾರಿಯೇ ತಕ್ಕದ್ದು ಎಂಬುದು ನನ್ನ ನಿಲುವು.

ಜರ್ಮನಿಯ ಆಖೆನ್‌ನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಸ್ಲೈಸ್‌ಟೈಮ್ ವ್ಯವಸ್ಥೆ ಈ ದಾರಿಯದೇ. ಕ್ಸೆನ್ ಹೈಪರ್‌ವೈಸರ್‌ನ ಮೇಲೆ ಓಡುವ ಮಷಿನ್‌ಗಳಿಗೂ ಜಾಲದ ಸಿಮ್ಯುಲೇಷನ್‌ಗೂ ಕೇಂದ್ರದಿಂದ ಕಾಲದ ತುಂಡುಗಳು ಹಂಚಿಕೆಯಾಗುತ್ತವೆ. ಪ್ರತಿಯೊಬ್ಬರೂ ತಮ್ಮ ತುಂಡು ಮುಗಿಸಿ ನಿಲ್ಲಬೇಕು. ಕೊನೆಯವರು ಮುಗಿಸಿದ ಮೇಲಷ್ಟೇ ಮುಂದಿನ ತುಂಡು. ನಿಂತಿದ್ದ ಹೊತ್ತು ಮಷಿನ್‌ಗೆ ಗೊತ್ತಾಗದಂತೆ ಅದರ ಗಡಿಯಾರವನ್ನು ಸರಿಹೊಂದಿಸಲಾಗುತ್ತದೆ. ಸಿಮ್ಯುಲೇಷನ್ ನಿಧಾನವಾದರೂ ಒಳಗಿನವರಿಗೆ ಕಾಲ ನೇರವಾಗಿಯೇ ಹರಿಯುತ್ತದೆ.

ತುಂಡು ಎಷ್ಟು ಉದ್ದವಿರಬೇಕು? ಸೋಲು ಗೆಲುವು ಇರುವುದು ಇಲ್ಲೇ. ಒಂದು ಮಷಿನ್ ಕಳಿಸಿದ ಸಂದೇಶ ಇನ್ನೊಂದನ್ನು ಮುಟ್ಟಲು ಬೇಕಾದ ಕನಿಷ್ಠ ಸಮಯಕ್ಕಿಂತ ತುಂಡು ಉದ್ದವಾದರೆ, ಸಂದೇಶ ಸ್ವೀಕರಿಸುವವರ ಭೂತಕಾಲಕ್ಕೆ ಹೋಗಿ ಬೀಳುತ್ತದೆ. ತೀರಾ ಚಿಕ್ಕದಾದರೆ ನಿಂತು ಹೊರಡುವುದರಲ್ಲೇ ಹೊತ್ತು ಹೋಗುತ್ತದೆ. ಪ್ರತಿ ನಿಲುಗಡೆಗೆ 100 ಮೈಕ್ರೊಸೆಕೆಂಡ್ ಖರ್ಚು ಎಂದುಕೊಳ್ಳಿ. ಒಂದು ಮಿಲಿಸೆಕೆಂಡಿನ ತುಂಡಾದರೆ 24 ಗಂಟೆಯ ಮಳೆಗೆ 8.64 ಕೋಟಿ ನಿಲುಗಡೆ. ಅಷ್ಟಕ್ಕೇ 2 ಗಂಟೆ 24 ನಿಮಿಷ ಬೇಕು. 50 ಮಿಲಿಸೆಕೆಂಡಿನ ತುಂಡಾದರೆ ನಿಲುಗಡೆಗಳ ಖರ್ಚು ಮೂರು ನಿಮಿಷದೊಳಗೆ ಮುಗಿಯುತ್ತದೆ.

ತುಂಡಿನ ಉದ್ದವನ್ನು ಯಂತ್ರದ ಅನುಕೂಲ ನೋಡಿ ಆರಿಸುವ ರೂಢಿ ನನಗೆ ಒಪ್ಪಿಗೆಯಿಲ್ಲ. ಅದು ಬೆಟ್ಟದಿಂದ ಬರಬೇಕು. ಜಾವಳಿಯ ನೀರು ಗೊರೂರು ಮುಟ್ಟಲು ಗಂಟೆಗಳು ಬೇಕು; ಹೊಳೆಯ ಮಾದರಿ ಅಷ್ಟು ದೂರ ಯಾರನ್ನೂ ಕೇಳದೆ ಮುಂದೆ ಹೋಗಬಹುದು. ಮೊಬೈಲ್ ಜಾಲದ ಸಂದೇಶಕ್ಕೆ ಬೇಕಾಗುವುದು ಮಿಲಿಸೆಕೆಂಡುಗಳು. ಒಂದೇ ಕೋಣೆಯ ಎರಡು ಸರ್ವರ್‌ಗಳ ನಡುವೆ ಇನ್ನೂ ಕಡಿಮೆ. ಎಲ್ಲಕ್ಕೂ ಒಂದೇ ತುಂಡು ಕೊಟ್ಟರೆ ಹೊಳೆಯೂ ಸರ್ವರ್‌ನ ವೇಗದಲ್ಲಿ ತಡವರಿಸುತ್ತದೆ. ಕೊಂಡಿಗೊಂದು ಮಿತಿ ಇಟ್ಟು, ಸನಿಹದ ಸರ್ವರ್‌ಗಳನ್ನು ಒಂದೇ ಗುಂಪಾಗಿ ಕಟ್ಟಿ, ಗುಂಪಿನೊಳಗೆ ಚಿಕ್ಕ ತುಂಡು, ಗುಂಪುಗಳ ನಡುವೆ ದೊಡ್ಡ ತುಂಡು ಬಳಸುವುದು ಮೇಲು. ಎರಡು ವರದಿಗಳ ನಡುವೆ ಎಲ್ಲರೂ ಸುಮ್ಮನಿದ್ದರೆ ಶೆಡ್ಯೂಲರ್ ನೇರವಾಗಿ ಮುಂದಿನ ಘಟನೆಗೆ ಜಿಗಿಯಬಹುದು. ಎಲ್ಲರ ಮುಂದಿನ ಘಟನೆ ತಿಳಿದಿರುವುದು ಕೇಂದ್ರಕ್ಕೆ ಮಾತ್ರ. ಚಾಂಡಿ–ಮಿಶ್ರ ವಿಧಾನದಲ್ಲಿ ಸ್ಥಗಿತ ತಪ್ಪಿಸಲು ಬೇಕಾಗುವ ಖಾಲಿ ಸಂದೇಶಗಳ ಓಡಾಟವೂ ಇದರಿಂದ ಉಳಿಯುತ್ತದೆ.

ಇನ್ನು ಹೊಂದಾಣಿಕೆಯ ಅತಿಯ ಬಗ್ಗೆ. ಎಲ್ಲ ಮಷಿನ್‌ಗಳ ಗಡಿಯಾರವನ್ನೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಕೂರಿಸಿದರೆ ಬೆಟ್ಟದ ನಿಜವಾದ ದೋಷವೂ ಅಳಿಸಿಹೋಗುತ್ತದೆ. ಮಾಪಕದ ಗಡಿಯಾರದ ಸ್ಫಟಿಕ ಹತ್ತು ಲಕ್ಷಕ್ಕೆ 20 ಭಾಗ ತಪ್ಪಿದರೂ ದಿನಕ್ಕೆ ಸುಮಾರು 1.7 ಸೆಕೆಂಡು ಆಚೀಚೆಯಾಗುತ್ತದೆ. ತಿಂಗಳು ತಿದ್ದದೆ ಬಿಟ್ಟರೆ ಸುಮಾರು 52 ಸೆಕೆಂಡು. ಈ ತಪ್ಪನ್ನು ತಾಳಿಕೊಳ್ಳುವುದು ತಂತ್ರಾಂಶದ ಕೆಲಸ, ಅದನ್ನು ಪರೀಕ್ಷಿಸಲೇಬೇಕು. ಆದ್ದರಿಂದ ನಿಜ ಕಾಲ ಶೆಡ್ಯೂಲರ್‌ನ ಬಳಿ ಇರಲಿ. ಪ್ರತಿ ಮಾಪಕದ ತಪ್ಪನ್ನು ಅದರ ಮೇಲೆ ಉದ್ದೇಶಪೂರ್ವಕವಾಗಿ, ಬರೆದಿಟ್ಟ ಪ್ರಮಾಣದಲ್ಲಿ ಸೇರಿಸೋಣ. ಇದಕ್ಕೊಂದು ಪೂರ್ವಷರತ್ತಿದೆ. ಮಷಿನ್‌ನೊಳಗಿನ ಸಮಯ ತಿದ್ದುವ ಸೇವೆ ಹೊರಗಿನ ಅಂತರ್ಜಾಲದ ಗಡಿಯಾರವನ್ನು ಕೇಳಬಾರದು. ಸಿಮ್ಯುಲೇಷನ್ ಕಾಲವನ್ನೇ ಹೇಳುವ ಒಳಗಿನ ಸರ್ವರನ್ನು ಕೇಳಬೇಕು. ಇದನ್ನು ಮರೆತ ಕಡೆ 2019ರ ಮಳೆಯನ್ನು ಅಭಿನಯಿಸುತ್ತಿರುವ ಮಷಿನ್ ಒಮ್ಮೆಲೇ ಇಂದಿನ ದಿನಾಂಕಕ್ಕೆ ಹಾರುತ್ತದೆ.

ಮಳೆಗಾಲದಲ್ಲಿ ಕರೆಂಟ್ ಹೋಗಿ, ಟವರ್ ಸತ್ತು, ಮಾಪಕ ಗಂಟೆಗಟ್ಟಲೆ ಮೌನವಾಗುವುದು ಮಲೆನಾಡಿಗೆ ಹೊಸದಲ್ಲ. ಸಂಪರ್ಕ ಮರಳಿದಾಗ ಕೂಡಿಟ್ಟ ಮಾಹಿತಿ ಒಟ್ಟಿಗೆ ಬರುತ್ತದೆ. ಆಗ ಮಳೆ ಬಿದ್ದ ಹೊತ್ತು, ವರದಿ ಮುಟ್ಟಿದ ಹೊತ್ತು ಎರಡನ್ನೂ ತಂತ್ರಾಂಶ ಬೇರ್ಪಡಿಸಿ ನೋಡಬೇಕು. ಸಿಮ್ಯುಲೇಟರ್‌ನ ಕಡತದಲ್ಲಿ ಪ್ರತಿ ಸಂದೇಶಕ್ಕೂ ಈ ಎರಡರ ಜೊತೆಗೆ ಪ್ರಯೋಗಾಲಯದ ಗೋಡೆಯ ಸಮಯ, ಯಾವ ತುಂಡಿನಲ್ಲಿ ಹೊರಟಿತೆಂಬ ಗುರುತು ಇರಬೇಕು. ಅದೇ ಪ್ರಯೋಗವನ್ನು ಬೇರೊಂದು ದಿನ, ಬೇರೆ ಕೆಲಸಗಳ ಹೊರೆ ಇರುವ ಕಂಪ್ಯೂಟರ್‌ನಲ್ಲಿ ಓಡಿಸಿದಾಗ ಮೊದಲ ಎರಡು ಹೊತ್ತುಗಳು ಬದಲಾದರೆ, ಯಂತ್ರದ ತಡ ಬೆಟ್ಟದ ತಡದೊಳಗೆ ನುಸುಳಿದೆ ಎಂದರ್ಥ. ಹೋಲಿಕೆ ಕರಾರುವಾಕ್ಕಾಗಿ ಬೇಕೆಂದರೆ ವರ್ಚುವಲ್ ಮಷಿನ್ ಓಡಿಸುವ ಕ್ಯೂಎಂಯು ತಂತ್ರಾಂಶದ ಐಕೌಂಟ್ ವಿಧಾನವಿದೆ: ಅಲ್ಲಿ ಕಾಲ ಎಂದರೆ ಓಡಿದ ಸೂಚನೆಗಳ ಎಣಿಕೆ. ಅದು ಹಾರ್ಡ್‌ವೇರ್‌ನ ವೇಗವರ್ಧನೆಯನ್ನು ಬಿಟ್ಟುಕೊಡುತ್ತದೆ, ಹಾಗಾಗಿ ಬಲು ನಿಧಾನ. ಒಂದು ಮಾಪಕ, ಒಂದು ಸರ್ವರ್, ಎಂಟೂವರೆಯ ಆಚೀಚೆಯ ಅರ್ಧ ಗಂಟೆ: ಇಷ್ಟಕ್ಕೆ ಮಾತ್ರ ಅದನ್ನು ಬಳಸಿ, ಉಳಿದ ದಿನವನ್ನು ತುಂಡು ಹಂಚುವ ಶೆಡ್ಯೂಲರ್‌ಗೆ ಬಿಡಬಹುದು.