ಸ್ಪೆಷಲ್ಟಿ ರೆಕಾರ್ಡ್ಸ್: ಯುದ್ಧಾನಂತರದ ಒಂದು ಸಣ್ಣ ಧ್ವನಿಮುದ್ರಣ ಸಂಸ್ಥೆ

ಸ್ಪೆಷಲ್ಟಿ ರೆಕಾರ್ಡ್ಸ್ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ 1946ರಲ್ಲಿ ಆರ್ಟ್ ರೂಪ್ (1917–2022) ಅವರು ಸ್ಥಾಪಿಸಿದ ಸ್ವತಂತ್ರ ಧ್ವನಿಮುದ್ರಣ ಸಂಸ್ಥೆ. ಆಫ್ರಿಕನ್ ಅಮೆರಿಕನ್ ಸಮುದಾಯದ ರಿದಮ್ ಅಂಡ್ ಬ್ಲೂಸ್ ಹಾಗೂ ಗಾಸ್ಪೆಲ್ ಎಂಬ ಭಕ್ತಿಗೀತೆಗಳು ಮನೆಮಾತಾಗುವಲ್ಲಿ ಈ ಸಂಸ್ಥೆಯ ಪಾತ್ರ ಹಿರಿದು.

ಹಿನ್ನೆಲೆ

ಆ ಕಾಲದ ಗ್ರಾಮಫೋನ್ ತಟ್ಟೆಗಳು ಅರಗಿನಿಂದ ತಯಾರಾಗುತ್ತಿದ್ದವು. ಈ ಅರಗಿನ ಬಹುಪಾಲು ಹೋಗುತ್ತಿದ್ದುದು ನಮ್ಮ ಭಾರತದಿಂದಲೇ. ಎರಡನೆಯ ಮಹಾಯುದ್ಧದಿಂದಾಗಿ ಸರಬರಾಜು ಕುಂಠಿತಗೊಂಡು, 1942ರಲ್ಲಿ ಅಮೆರಿಕ ಸರ್ಕಾರ ತಟ್ಟೆಗಳಿಗೆ ಬಳಸುವ ಅರಗಿನ ಪ್ರಮಾಣವನ್ನು ಶೇ. 70ರಷ್ಟು ಕಡಿತಗೊಳಿಸಿತು. ಅದೇ ವರ್ಷ ವಾದ್ಯಗಾರರ ಸಂಘವೂ ಧ್ವನಿಮುದ್ರಣವನ್ನು ಬಹಿಷ್ಕರಿಸಿತು. ಇದ್ದ ಅಲ್ಪ ಅರಗನ್ನು ದೊಡ್ಡ ಕಂಪನಿಗಳು ಹೆಚ್ಚು ಮಾರಾಟವಾಗುವ ಹಾಡುಗಳಿಗೇ ಮೀಸಲಿಟ್ಟವು. ಕಪ್ಪು ಜನರ ಸಂಗೀತ ಅವಗಣನೆಗೆ ಒಳಗಾಯಿತು. ಈ ತೆರವನ್ನು ತುಂಬಲು ಸಣ್ಣ ಸಂಸ್ಥೆಗಳು ಮುಂದಾದವು.

ಏಳಿಗೆ

ರೂಪ್ ಅವರು 1944ರಲ್ಲಿ ಪಾಲುದಾರರೊಡನೆ ಜೂಕ್ ಬಾಕ್ಸ್ ರೆಕಾರ್ಡ್ಸ್ ಆರಂಭಿಸಿದ್ದರು. ಅದಕ್ಕೂ ಮುನ್ನ 200 ಡಾಲರ್ ಬೆಲೆಯ ತಟ್ಟೆಗಳನ್ನು ಕೊಂಡು, ಗಡಿಯಾರ ಹಿಡಿದು ಒಂದೊಂದರ ಲಯವನ್ನೂ ರಚನೆಯನ್ನೂ ಅಭ್ಯಸಿಸಿದರು. ಯಶಸ್ವಿ ಹಾಡುಗಳ ಹೆಸರಿನಲ್ಲಿ 'ಬೂಗಿ' ಎಂಬ ಪದ ಮತ್ತೆ ಮತ್ತೆ ಬರುವುದನ್ನು ಕಂಡು, ತಮ್ಮ ಮೊದಲ ತಟ್ಟೆಗೆ 'ಬೂಗಿ ನಂ. 1' ಎಂದೇ ಹೆಸರಿಟ್ಟರು.

ಸ್ಪೆಷಲ್ಟಿಯಲ್ಲಿ ರಾಯ್ ಮಿಲ್ಟನ್, ಪರ್ಸಿ ಮೇಫೀಲ್ಡ್ ಮೊದಲಾದವರು ಹಾಡಿದರು. 1952ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಮುದ್ರಿಸಿದ ಲಾಯ್ಡ್ ಪ್ರೈಸ್ ಅವರ 'ಲಾಡಿ ಮಿಸ್ ಕ್ಲಾಡಿ' ರಿದಮ್ ಅಂಡ್ ಬ್ಲೂಸ್ ಪಟ್ಟಿಯ ಅಗ್ರಸ್ಥಾನಕ್ಕೇರಿತು. 1955ರ ಸೆಪ್ಟೆಂಬರ್‌ನಲ್ಲಿ ಅದೇ ಊರಿನಲ್ಲಿ ನಿರ್ಮಾಪಕ ಬಂಪ್ಸ್ ಬ್ಲ್ಯಾಕ್‌ವೆಲ್ ಅವರು ಲಿಟಲ್ ರಿಚರ್ಡ್ ಅವರಿಂದ 'ಟುಟ್ಟಿ ಫ್ರುಟ್ಟಿ' ಹಾಡಿಸಿದರು. ಬಿಳಿಯ ಯುವಜನರೂ ಅದಕ್ಕೆ ಮಾರುಹೋದರು.

ಕೈತಪ್ಪಿದ ಅವಕಾಶ

ಸಂಸ್ಥೆಯ ಸೋಲ್ ಸ್ಟಿರರ್ಸ್ ತಂಡದ ಗಾಯಕ ಸ್ಯಾಮ್ ಕುಕ್ ಅವರು ಲೌಕಿಕ ಗೀತೆಗಳನ್ನು ಹಾಡಲು ಬಯಸಿದಾಗ, ಭಕ್ತಿಗೀತೆಗಳ ಶ್ರೋತೃಗಳು ದೂರವಾಗುವರೆಂಬ ಅಳುಕು ರೂಪ್ ಅವರನ್ನು ಕಾಡಿತು. 1957ರಲ್ಲಿ ಕುಕ್ ಮತ್ತು ಬ್ಲ್ಯಾಕ್‌ವೆಲ್ ಇಬ್ಬರೂ ಸಂಸ್ಥೆಯನ್ನು ತೊರೆದರು. ಅದೇ ವರ್ಷ ಕೀನ್ ಸಂಸ್ಥೆಯಿಂದ ಹೊರಬಂದ ಕುಕ್ ಅವರ 'ಯೂ ಸೆಂಡ್ ಮಿ' ದೇಶದಲ್ಲೇ ಮೊದಲ ಸ್ಥಾನ ಪಡೆಯಿತು.

ಹಕ್ಕಿನ ಪ್ರಶ್ನೆ

ಹಾಡು ಗಾಯಕರದಾದರೂ ಹಕ್ಕು ಸಂಸ್ಥೆಯದಾಗಿತ್ತು. ಲಿಟಲ್ ರಿಚರ್ಡ್ ಅವರಿಗೆ ಸಂದ ರಾಯಧನ ಅತ್ಯಲ್ಪ. ಅದಕ್ಕಾಗಿ ಅವರು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಇತ್ತ ಹಾಡನ್ನು ಬಾನುಲಿಯಲ್ಲಿ ಬಿತ್ತರಿಸಲು ಲಂಚ ತೆರಬೇಕಾದ ಪದ್ಧತಿಯಿಂದ ಬೇಸತ್ತ ರೂಪ್ ಅವರು ವ್ಯವಹಾರವನ್ನು ಕ್ರಮೇಣ ಮೊಟಕುಗೊಳಿಸಿ, ತೈಲ ಮತ್ತು ಭೂವ್ಯವಹಾರಗಳತ್ತ ಹೊರಳಿದರು. ಮುಂದೆ ಸಂಸ್ಥೆಯ ಭಂಡಾರವನ್ನು ಫ್ಯಾಂಟಸಿ ರೆಕಾರ್ಡ್ಸ್ ಖರೀದಿಸಿತು.

2010ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 'ಟುಟ್ಟಿ ಫ್ರುಟ್ಟಿ'ಯನ್ನು ಸಂರಕ್ಷಣಾರ್ಹ ಧ್ವನಿಮುದ್ರಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ದೊಡ್ಡವರು ಕೈಬಿಟ್ಟ ಸಂಗೀತವನ್ನು ಉಳಿಸಿಕೊಟ್ಟ ಕೀರ್ತಿ ಇಂಥ ಸಣ್ಣ ಸಂಸ್ಥೆಗಳಿಗೆ ಸಲ್ಲಬೇಕು. ಹಾಡಿದವರಿಗೆ ನ್ಯಾಯವಾದ ಪಾಲು ಸಲ್ಲಲಿಲ್ಲವೆಂಬುದೂ ಅದೇ ಚರಿತ್ರೆಯ ಭಾಗವಾಗಿದೆ.